ಧಣಿಗೆ ಕೇಳಿಸದ ದನಿ

ಬಾಯಿಯ ಮಾತು ಒಂದನ್ನು ಹೇಳುತ್ತಿರುವಾಗ ದನಿ ಬೇರೊಂದನ್ನು ಹೇಳುತ್ತಿರುವುದುಂಟು. ಇವೆರಡರಲ್ಲಿ ಯಾವುದನ್ನು ನಂಬಬೇಕು? ಇದು ನಾಟಕದವರೂ ಪಂಡಿತರೂ ಚರ್ಚಿಸತಕ್ಕ ವಿಷಯವೆಂದು ನಾನು ಬಹುಕಾಲ ತಿಳಿದಿದ್ದೆನು. ಹೋಟೆಲಿನ ಗಲ್ಲಾದಲ್ಲಿ ಕುಳಿತವನಿಗೂ ಇದು ತಿಳಿದಿರಬೇಕೆಂದು ನನಗೆ ಕಲಿಸಿದವನು ಒಬ್ಬ ಮಾಣಿ.

ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಖಿದಿರ್‌ಪುರದಲ್ಲಿ ನಾನೊಂದು ಚಿಕ್ಕ ಹೋಟೆಲು ನಡೆಸುತ್ತಿದ್ದುದು ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತಿದೆ. ಡಾಕಿನ ಕೆಲಸಗಾರರು, ಗುದಾಮಿನ ಗುಮಾಸ್ತರು, ಲಾರಿಯವರು ನಮ್ಮ ಗಿರಾಕಿಗಳು. ಆಗ ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ಸಪ್ಲೈ ಕೆಲಸಕ್ಕೆ ಸೇರಿದನು. ಅವನ ಸ್ವರ ದೊಡ್ಡದು. “ಎರಡು ಸಾದಾ, ಒಂದು ಮಸಾಲೆ!” ಎಂದು ಅವನು ಕೂಗಿದರೆ ಒಳಗಿನ ಭಟ್ಟರಿಗೆ ಮಾತ್ರವಲ್ಲ, ಬೀದಿಯಲ್ಲಿ ಹೋಗುವವರಿಗೂ ಹಸಿವಾಗುತ್ತಿತ್ತು.

ಒಂದು ಮಳೆಗಾಲದಲ್ಲಿ ಆ ಕೂಗು ತಗ್ಗಿತು. ಆರ್ಡರು ಹೇಳಲು ಅವನು ಅಡಿಗೆಮನೆಯ ಬಾಗಿಲವರೆಗೆ ನಡೆದು ಹೋಗತೊಡಗಿದನು. ನಾನು ನೋಟು ಎಣಿಸುತ್ತ, ತಲೆಯೆತ್ತದೆ, “ಎಂಥದೋ ಮಾಣಿ, ಹುಷಾರುಂಟಾ?” ಎಂದು ಕೇಳಿದೆನು. “ಹುಷಾರುಂಟು ಧಣಿ” ಎಂದನು. ಮರುದಿನವೂ ಕೇಳಿದೆನು, ಅದೇ ಉತ್ತರ. ಕೇಳಿದ್ದಾಯಿತು, ಹೇಳಿದ್ದಾಯಿತು, ನನ್ನ ಕರ್ತವ್ಯ ಮುಗಿಯಿತೆಂದು ತಿಳಿದೆನು. ಎಂಟನೆಯ ದಿನ ಅವನು ಲೋಟಗಳ ತಟ್ಟೆಯೊಡನೆ ನೆಲಕ್ಕೆ ಕುಸಿದನು. ಮುಟ್ಟಿದರೆ ಮೈ ಕೆಂಡ. ಟೈಫಾಯಿಡ್ ಜ್ವರವೆಂದು ವೈದ್ಯರು ಹೇಳಿದರು. ಇಷ್ಟು ದಿನ ಏಕೆ ತಡಮಾಡಿದಿರೆಂದು ನನ್ನನ್ನೇ ಗದರಿಸಿದರು.

ಹುಡುಗ ಉಳಿದುಕೊಂಡನು. ಹಾಸಿಗೆಯಲ್ಲಿ ಎದ್ದು ಕುಳಿತ ದಿನ ನಾನು ಕೇಳಿದೆನು: “ನನ್ನೊಡನೆ ಹೇಳಬಾರದಿತ್ತೇ?” ಅವನು ಅಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. “ಹುಷಾರಿಲ್ಲ ಅಂದರೆ ಊರಿಗೆ ಕಳಿಸಿಬಿಡ್ತೀರಿ ಅಂತ ಹೆದರಿಕೆ ಆಯ್ತು ಧಣಿ. ಆದರೆ ಅಮ್ಮ ಫೋನಿನಲ್ಲಿ ನನ್ನ ಹಲೋ ಕೇಳಿದ್ದೇ, ‘ಮಗಾ, ನಿನ್ನ ಸ್ವರ ಸರಿ ಇಲ್ಲ, ಎಂತ ಆಯ್ತು?’ ಅಂದಿದ್ದರು. ನಿಮಗೂ ಗೊತ್ತಾಗ್ತದೆ ಅಂದುಕೊಂಡಿದ್ದೆ.”

ಕುಂದಾಪುರಕ್ಕೂ ಖಿದಿರ್‌ಪುರಕ್ಕೂ ಸುಮಾರು ಎರಡು ಸಾವಿರ ಕಿಲೋಮೀಟರುಗಳ ಹಾದಿ. ಅಷ್ಟು ದೂರದಲ್ಲಿದ್ದ ತಾಯಿಗೆ ಒಂದೇ ಪದದಲ್ಲಿ ಕೇಳಿಸಿದುದು ಹತ್ತು ಅಡಿ ದೂರದಲ್ಲಿದ್ದ ನನಗೆ ಎಂಟು ದಿನಗಳಲ್ಲಿಯೂ ಕೇಳಿಸಲಿಲ್ಲ. ಆಕೆಯು ಆಲಿಸಿದ್ದು ದನಿಯನ್ನು. ನಾನು ಆಲಿಸಿದ್ದು ಮಾತನ್ನು. ಈ ಲೇಖನವು ಆ ವ್ಯತ್ಯಾಸವನ್ನು ಕುರಿತದ್ದು.

ಕಾಕು ಎಂಬ ಶಾಸ್ತ್ರ

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ದನಿಯ ಏರಿಳಿತದಿಂದ ಮಾತಿನ ಅರ್ಥವೇ ಬೇರೆಯಾಗುವುದಕ್ಕೆ ಅಲಂಕಾರಶಾಸ್ತ್ರದಲ್ಲಿ ‘ಕಾಕು’ ಎಂದು ಹೆಸರು. “ನೀನು ದೊಡ್ಡ ಮನುಷ್ಯ” ಎಂಬ ಮಾತನ್ನೇ ನೋಡಿರಿ. ಒಂದು ದನಿಯಲ್ಲಿ ಅದು ಗೌರವ, ಇನ್ನೊಂದರಲ್ಲಿ ಚುಚ್ಚು. “ಬಾ” ಎಂಬ ಒಂದೇ ಅಕ್ಷರವನ್ನು ಮಗುವನ್ನು ಕರೆಯುವ ತಾಯಿಯೂ ನುಡಿಯುತ್ತಾಳೆ, ಜಗಳಕ್ಕೆ ತೋಳೇರಿಸಿದವನೂ ನುಡಿಯುತ್ತಾನೆ, ಬಾಕಿ ಉಳಿಸಿಕೊಂಡ ಗಿರಾಕಿಯನ್ನು ಕಂಡ ಹೋಟೆಲಿನವನೂ ನುಡಿಯುತ್ತಾನೆ. ಬರೆದರೆ ಮೂರೂ ಒಂದೇ. ಕೇಳಿದರೆ ಮೂರು ಬೇರೆ.

ಭರತನ ನಾಟ್ಯಶಾಸ್ತ್ರವು ಈ ವಿಷಯವನ್ನು ಅಳೆದು ತೂಗಿ ವಿಂಗಡಿಸಿದೆ. ದನಿ ಹೊರಡುವ ಸ್ಥಾನಗಳು ಮೂರು: ಎದೆ, ಕಂಠ, ಶಿರಸ್ಸು. ಮಾತಿನ ರೀತಿಗೆ ಅಲಂಕಾರಗಳು ಆರು: ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ. ದೂರದಲ್ಲಿರುವವನನ್ನು ಕರೆಯಲು ಉಚ್ಚ. ಜಗಳಕ್ಕೂ ಕೋಪಕ್ಕೂ ದೀಪ್ತ. ಹೆದರಿಕೆ, ಚಳಿ, ಜ್ವರಗಳಲ್ಲಿ ಅವಸರದ ದ್ರುತ. ಎದೆಯಿಂದ ಹೊರಡುವ ಮಂದ್ರವು ಬೇಸರ, ಬಳಲಿಕೆ, ಚಿಂತೆ, ದೈನ್ಯ, ವ್ಯಾಧಿಗಳಿಗೆ ಸಲ್ಲುವುದೆಂದು ಆ ಗ್ರಂಥದ ಮತ. ನನ್ನ ಮಾಣಿಯ ದನಿಯು ಉಚ್ಚದಿಂದ ಮಂದ್ರಕ್ಕೆ ಇಳಿದಿತ್ತು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದೆನ್ನುವ ಪುಸ್ತಕದಲ್ಲಿ ಅವನ ರೋಗದ ಲಕ್ಷಣ ಬರೆದಿತ್ತು, ಎಸ್.ಎಸ್.ಎಲ್.ಸಿ. ಓದಿದ ನಾನು ಅದನ್ನು ಅರಿಯಲಿಲ್ಲ.

ಅದೇ ಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಬೆವರು, ರೋಮಾಂಚ, ಸ್ವರಭೇದ, ನಡುಕ, ಬಣ್ಣಗೆಡುವುದು, ಕಣ್ಣೀರು, ಪ್ರಲಯವೆಂಬ ಮೂರ್ಛೆ. ಇವು ಮನಸ್ಸಿನ ಒಳಗಿನಿಂದ ಹುಟ್ಟಿ ಮೈಯಲ್ಲಿ ಕಾಣಿಸಿಕೊಳ್ಳುವುವು. ನಾವು ಮಾತನ್ನು ಆರಿಸಿ ಆಡಬಲ್ಲೆವು. ಬೆವರನ್ನೂ ದನಿಯ ಬಿರುಕನ್ನೂ ಆರಿಸಲಾರೆವು. ಬಚ್ಚಿಡಬೇಕೆಂದಿರುವ ಸಂಕಟವು ಅನೇಕ ವೇಳೆ ಈ ಬಾಗಿಲುಗಳಿಂದಲೇ ಹೊರಬೀಳುತ್ತದೆ.

ನಮ್ಮ ಕರಾವಳಿಯ ಓದುಗರಿಗೆ ಶಾಸ್ತ್ರವೇ ಬೇಕಿಲ್ಲ, ತಾಳಮದ್ದಲೆ ಸಾಕು. ಯಕ್ಷಗಾನದ ಬಯಲಾಟದಲ್ಲಿ ಕಿರೀಟವಿದೆ, ಬಣ್ಣವಿದೆ, ಹೆಜ್ಜೆಯಿದೆ. ತಾಳಮದ್ದಲೆಯಲ್ಲಿ ಅವೊಂದೂ ಇಲ್ಲ. ಸಾದಾ ಬಟ್ಟೆ ಉಟ್ಟ ನಾಲ್ಕಾರು ಮಂದಿ ಕುಳಿತಿರುತ್ತಾರೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಯು ಅಲ್ಲಿಯೇ ಮಾತು ಹುಟ್ಟಿಸಿಕೊಂಡು ಅರ್ಥ ಹೇಳುತ್ತಾನೆ. ಆದರೂ ಎದುರಿಗೆ ಕುಳಿತವರಿಗೆ ರಣರಂಗ ಕಾಣುತ್ತದೆ, ಸಾಯುತ್ತಿರುವ ವಾಲಿ ಕಾಣುತ್ತಾನೆ. ಕಾಸರಗೋಡಿನ ಸೀಮೆಯಲ್ಲಿ ಹುಟ್ಟಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಅರ್ಥ ಹೇಳುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷವನ್ನೆಲ್ಲ ಕಳಚಿಟ್ಟ ಮೇಲೆಯೂ ದನಿಯೊಂದರಲ್ಲಿ ಎಷ್ಟು ಉಳಿದಿರುತ್ತದೆಂಬುದಕ್ಕೆ ತಾಳಮದ್ದಲೆಯೇ ಸಾಕ್ಷಿ.

ನಾವೀಗ ಇರುವ ಈ ನೆರೆಯಲ್ಲಿಯೂ ಅಂಥದೊಂದು ಸಾಕ್ಷಿಯಿದೆ. ಖಿದಿರ್‌ಪುರದಿಂದ ಗಾರ್ಡನ್ ರೀಚಿನ ದಾರಿ ಹಿಡಿದರೆ ಮೆಟಿಯಾಬ್ರೂಜ್. ರಾಜ್ಯ ಕಳೆದುಕೊಂಡ ಲಖನೌ ನವಾಬ ವಾಜಿದ್ ಅಲಿ ಶಾಹನು 1856ರಲ್ಲಿ ಕಲಕತ್ತೆಗೆ ಬಂದು, 1887ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. ಅವನೊಡನೆ ಬಂದ ಠುಮ್ರಿಯ ಗಾಯನದಲ್ಲಿ ಸಾಹಿತ್ಯ ಅಲ್ಪ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಒಮ್ಮೆ ಮುನಿಸು, ಒಮ್ಮೆ ಬೇಡಿಕೆ, ಒಮ್ಮೆ ವಿರಹವನ್ನು ತುಂಬುತ್ತಾರೆ. ಕಾಕು ಎಂದು ನಮ್ಮವರು ಕರೆದುದನ್ನೇ ಅವರು ಸಂಗೀತವಾಗಿಸಿದರು.

ಹೊಳೆಯ ಆಚೆ ದಡದಲ್ಲಿ

ಮೆಟಿಯಾಬ್ರೂಜಿನ ದಡದಲ್ಲಿ ನಿಂತು ಹೂಗ್ಲಿಯ ಆಚೆಗೆ ನೋಡಿದರೆ ಶಿಬಪುರದ ಸಸ್ಯೋದ್ಯಾನ ಕಾಣುತ್ತದೆ. ಭಾನುವಾರದ ರಜೆಯಲ್ಲಿ ಅಲ್ಲಿನ ದೊಡ್ಡ ಆಲದ ಮರ ನೋಡಲು ಹೋಗದ ಕನ್ನಡಿಗ ಇಲ್ಲಿ ವಿರಳ. ಆದರೆ ಮನುಷ್ಯನ ಮುಖಭಾವದ ಶಾಸ್ತ್ರಕ್ಕೂ ಆ ತೋಟಕ್ಕೂ ಇರುವ ಸಂಬಂಧ ಬಹಳ ಮಂದಿಗೆ ತಿಳಿಯದು.

ಚಾರ್ಲ್ಸ್ ಡಾರ್ವಿನ್ ಎಂಬ ಪ್ರಸಿದ್ಧ ವಿಜ್ಞಾನಿಯು ದುಃಖ, ಕೋಪ, ನಾಚಿಕೆಗಳು ಎಲ್ಲ ಜನಾಂಗಗಳ ಮುಖದಲ್ಲಿಯೂ ಒಂದೇ ಬಗೆಯಾಗಿ ಮೂಡುವುವೇ ಎಂದು ತಿಳಿಯಬಯಸಿದನು. 1867ರಲ್ಲಿ ಪ್ರಶ್ನೆಗಳ ಒಂದು ಪಟ್ಟಿಯನ್ನು ಅಚ್ಚು ಹಾಕಿಸಿ ದೇಶದೇಶಗಳಿಗೆ ಕಳುಹಿಸಿದನು. ಮೂವತ್ತಾರು ಉತ್ತರಗಳು ಬಂದುವು. ಅವುಗಳಲ್ಲಿ ಅತ್ಯಂತ ಸಮಗ್ರವಾದ ವಿವರಗಳು ಕಲಕತ್ತೆಯ ಸಸ್ಯೋದ್ಯಾನದ ಜಾನ್ ಸ್ಕಾಟನಿಂದ ಬಂದುವೆಂದು ಡಾರ್ವಿನ್ 1872ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮೆಚ್ಚಿ ಬರೆದಿದ್ದಾನೆ. ಸ್ಕಾಟನು ದೊಡ್ಡ ಪಂಡಿತನಲ್ಲ. ಎಡಿನ್‌ಬರೋದ ತೋಟದಲ್ಲಿ ದುಡಿದು, 1864ರಲ್ಲಿ ಕೆಲಸಕ್ಕಾಗಿ ಈ ದೇಶಕ್ಕೆ ಬಂದವನು. ಗಿಡಗಳನ್ನು ತಾಳ್ಮೆಯಿಂದ ನೋಡಿ ಪಳಗಿದ ಕಣ್ಣು ಅವನದು. ಅದೇ ಕಣ್ಣಿನಿಂದ ತೋಟದಲ್ಲಿ ದುಡಿಯುತ್ತಿದ್ದ ನಾನಾ ಸೀಮೆಯ ಕೂಲಿಗಳನ್ನು ನೋಡಿದನು.

ಅವನು ಬರೆದು ಕಳುಹಿಸಿದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ನಾಗಪುರದ ಕಡೆಯಿಂದ ಬಂದ ಧಾಂಗರ ಜಾತಿಯ ಎಳೆಯ ಹೆಂಗಸೊಬ್ಬಳು, ತೋಟದ ಮಾಲಿಯ ಹೆಂಡತಿ, ಸಾಯುವ ಸ್ಥಿತಿಯಲ್ಲಿದ್ದ ತನ್ನ ಕೂಸಿಗೆ ಹಾಲೂಡಿಸುತ್ತಿದ್ದಳು. ಸ್ಕಾಟನು ಗಿಡಗಳ ಮರೆಯಲ್ಲಿ ನಿಂತು ನೋಡಿದನು. ಅವಳ ಹುಬ್ಬುಗಳ ಒಳತುದಿ ಮೇಲಕ್ಕೆದ್ದಿತ್ತು, ರೆಪ್ಪೆ ಜೋತಿತ್ತು, ಹಣೆಯ ನಡುವೆ ಸುಕ್ಕುಗಳಿದ್ದುವು, ತುಟಿಗಳ ಕೊನೆ ಕೆಳಕ್ಕೆ ಇಳಿದಿತ್ತು. ಅವನು ಮರೆಯಿಂದ ಹೊರಬಂದು ಮಾತನಾಡಿಸಿದೊಡನೆ ಬೆಚ್ಚಿ, ಗೊಳೋ ಎಂದು ಅತ್ತು, ಮಗುವನ್ನು ಉಳಿಸಿಕೊಡೆಂದು ಬೇಡಿದಳು.

ಇನ್ನೊಬ್ಬನು ಒಬ್ಬ ಹಿಂದೂಸ್ತಾನಿ. ರೋಗದಿಂದಲೂ ಬಡತನದಿಂದಲೂ ಸೋತು ತನ್ನ ಅಚ್ಚುಮೆಚ್ಚಿನ ಮೇಕೆಯನ್ನು ಮಾರಿದನು. ಕೈಯಲ್ಲಿದ್ದ ಹಣವನ್ನೊಮ್ಮೆ, ಮೇಕೆಯನ್ನೊಮ್ಮೆ ನೋಡಿದನು. ಹತ್ತಿರ ಹೋದರೆ ಅದು ಮೇಲಕ್ಕೆ ನೆಗೆದು ಅವನ ಕೈಯನ್ನು ನೆಕ್ಕಿತು. ಅವನ ಕಣ್ಣು ಅತ್ತಿತ್ತ ಅಲೆಯಿತು, ತುಟಿಯ ಕೊನೆಗಳು ಇಳಿದುವು, ಹುಬ್ಬು ಓರೆಯಾಯಿತು. ಕೊನೆಗೆ ನಿಟ್ಟುಸಿರಿಟ್ಟು, ಅತ್ತು, ಎರಡು ಕೈಗಳನ್ನೂ ಎತ್ತಿ ಮೇಕೆಯನ್ನು ಹರಸಿ, ಹಿಂದಿರುಗಿ ನೋಡದೆ ನಡೆದುಬಿಟ್ಟನು.

ಆ ಹೆಂಗಸಿನ ಹೆಸರನ್ನು ಡಾರ್ವಿನ್ನನ ಗ್ರಂಥ ಹೇಳುವುದಿಲ್ಲ. ಮೇಕೆಯವನ ಹೆಸರೂ ಅದರಲ್ಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೂಗ್ಲಿಯ ದಡಕ್ಕೆ ಬಂದ ನಮ್ಮಂಥವರ ದುಃಖವೇ ಜಗತ್ತಿನ ಒಂದು ದೊಡ್ಡ ಗ್ರಂಥಕ್ಕೆ ಪ್ರಮಾಣವಾಯಿತು. ಇಪ್ಪತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಪಾಲ್ ಎಕ್‌ಮನ್ ಎಂಬ ಅಮೆರಿಕದ ವಿದ್ವಾಂಸನು ನ್ಯೂಗಿನಿಯ ಬೆಟ್ಟಗಳಿಗೆ ಹೋಗಿ, ಹೊರಜಗತ್ತನ್ನು ಅಷ್ಟಾಗಿ ಕಾಣದ ಫೋರೆ ಜನರಿಗೆ ಭಾವಚಿತ್ರಗಳನ್ನು ತೋರಿಸಿ ಇದೇ ಪ್ರಶ್ನೆಯನ್ನು ಮತ್ತೆ ಪರೀಕ್ಷಿಸಿದನು. ಮುಖಭಾವಗಳು ಎಷ್ಟರಮಟ್ಟಿಗೆ ಎಲ್ಲರಿಗೂ ಸಮಾನವೆಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆದರೆ ನಾನು ಸ್ಕಾಟನಿಂದ ಕಲಿಯುವ ಪಾಠ ಬೇರೆ. ಅವನು ನಿಂತು ನೋಡಿದನು. ನೋಡಿದ ಮೇಲೆ ಮರೆಯಲ್ಲಿಯೇ ಉಳಿಯದೆ ಹೋಗಿ ಮಾತನಾಡಿಸಿದನು.

ಊರು ಬದಲಾದರೆ

ಹಾಗಾದರೆ ದನಿಯನ್ನೂ ಮುಖವನ್ನೂ ನೋಡಿದರೆ ಮನಸ್ಸು ಕನ್ನಡಿಯಂತೆ ಕಾಣುವುದೇ? ಹಾಗೆಂದು ತಿಳಿದರೆ ಇನ್ನೊಂದು ಹಳ್ಳಕ್ಕೆ ಬಿದ್ದಂತೆ. ಅಳು, ನಗುಗಳು ದೇಶವನ್ನು ದಾಟಬಹುದು. ಅಭ್ಯಾಸದ ಸಂಜ್ಞೆಗಳು ದಾಟುವುದಿಲ್ಲ. ಸ್ವಂತ ಜನರ ದನಿಯಲ್ಲಿನ ಭಾವವನ್ನು ಗುರುತಿಸುವಷ್ಟು ಚೆನ್ನಾಗಿ ಅನ್ಯರ ದನಿಯಲ್ಲಿನದನ್ನು ಮನುಷ್ಯರು ಗುರುತಿಸಲಾರರೆಂದು ಸಂಶೋಧಕರೂ ಕಂಡುಕೊಂಡಿದ್ದಾರೆ.

ನಮ್ಮ ಹೋಟೆಲಿನಲ್ಲಿಯೇ ಒಮ್ಮೆ ಹೀಗಾಯಿತು. ಮಧ್ಯಾಹ್ನ ಮೂರು ಗಂಟೆಗೆ ಬಂಗಾಳಿ ಗಿರಾಕಿಯೊಬ್ಬರು ಊಟವಿದೆಯೇ ಎಂದು ಕೇಳಿದರು. ಕೈತುಂಬ ತಟ್ಟೆಗಳಿದ್ದ ಮಾಣಿಯು ನಾಲಿಗೆಯಿಂದ ‘ಚ್’ ಎಂದು ಒಮ್ಮೆ ಸದ್ದು ಮಾಡಿ ತಲೆಯನ್ನು ತುಸು ಹಿಂದಕ್ಕೆತ್ತಿದನು. ನಮ್ಮ ಊರಿನಲ್ಲಿ ಅದಕ್ಕೆ ‘ಇಲ್ಲ’ ಎಂದಷ್ಟೇ ಅರ್ಥ. ಆ ಮಹನೀಯರಿಗೆ ಅದು ನಾಯಿಯನ್ನು ಓಡಿಸಿದಂತೆ ಕೇಳಿಸಿತು. ಸಮಾಧಾನ ಮಾಡಲು ಎರಡು ಕಪ್ಪು ಕಾಫಿಯೂ ಅರ್ಧ ಗಂಟೆಯೂ ಖರ್ಚಾದುವು. ಹಾಗೆಯೇ, ಆಗಲಿ ಎಂಬುದಕ್ಕೆ ನಾವು ತಲೆಯನ್ನು ಅತ್ತಿತ್ತ ಬಾಗಿಸುವುದನ್ನು ಕಂಡು ಹೊರದೇಶದ ನಾವಿಕರು ಬೇಡವೆನ್ನುತ್ತಾರೆಂದು ತಿಳಿದು ಎದ್ದುಹೋದದ್ದೂ ಉಂಟು.

ಅನ್ಯಭಾಷೆಯವರ ಮಾತೇಕೆ? ಕನ್ನಡಿಗರ ನಡುವೆಯೇ ನೋಡಿರಿ. ಧಾರವಾಡದ ಅಡಿಗೆಯವರೊಬ್ಬರು ಪ್ರೀತಿಯಿಂದ “ಏನಲೇ” ಎಂದು ಕರೆದರೆ ಮೈಸೂರಿನ ಹುಡುಗನು ಮುಖ ಊದಿಸಿಕೊಂಡು ಕುಳಿತನು. ಅವರಿಗೆ ಅದು ಬೆನ್ನು ತಟ್ಟಿದಂತೆ. ಇವನಿಗೆ ಕೆನ್ನೆಗೆ ಹೊಡೆದಂತೆ. ಬಡಗಣ ಕನ್ನಡದ ಗಟ್ಟಿ ಮಾತು ತೆಂಕಣದವರಿಗೆ ಜಗಳವೆಂದು ತೋರುತ್ತದೆ. ಕುಂದಾಪುರದ ರಾಗದ ಮಾತು ಘಟ್ಟದ ಮೇಲಿನವರಿಗೆ ಅಣಕವೆಂದು ತೋರುತ್ತದೆ. ಒಂದೇ ಒಲೆಯ ಮುಂದೆ ದುಡಿಯುವವರು ಇದನ್ನು ತಿಳಿದಿದ್ದರೆ ಅರ್ಧ ಜಗಳ ಕಡಮೆಯಾಗುತ್ತದೆ.

ಆದುದರಿಂದ ದನಿಯನ್ನು ಅಳೆಯಬೇಕಾದುದು ನಮ್ಮ ಸೇರಿನಿಂದಲ್ಲ, ಆ ಮನುಷ್ಯನದೇ ಸೇರಿನಿಂದ. ಗಟ್ಟಿಯಾಗಿ ಮಾತನಾಡುವವನು ಗಟ್ಟಿಯಾಗಿಯೇ ಮಾತನಾಡಿದರೆ ಅದರಲ್ಲಿ ವಿಶೇಷವಿಲ್ಲ. ಅವನು ಮೆಲ್ಲಗಾದ ದಿನ ಕಿವಿ ನಿಮಿರಬೇಕು. ಯಾವಾಗಲೂ ಮೌನಿಯಾದವನು ಒಮ್ಮೆಲೇ ವಾಚಾಳಿಯಾದರೂ ಹಾಗೆಯೇ. ತಾಯಿಯು ಮಗನ ಹಲೋದಲ್ಲಿ ಜ್ವರವನ್ನು ಕೇಳಿದ್ದು ಮಂತ್ರದಿಂದಲ್ಲ. ಅವನ ನಿತ್ಯದ ದನಿ ಆಕೆಗೆ ಬಾಯಿಪಾಠವಾಗಿತ್ತು.

ನೂರಕ್ಕೆ ಏಳು ಎಂಬ ಲೆಕ್ಕ

ಆಫೀಸುಗಳಲ್ಲಿ ಕೆಲಸ ಮಾಡುವ ನಮ್ಮ ಗುಮಾಸ್ತ ಬಂಧುಗಳು ತರಬೇತಿಯ ತರಗತಿಗಳಲ್ಲಿ ಒಂದು ಲೆಕ್ಕವನ್ನು ಕೇಳಿರಬಹುದು: ಮಾತಿನಲ್ಲಿ ಪದಗಳ ಪಾಲು ನೂರಕ್ಕೆ 7, ದನಿಯದು 38, ಮುಖದ್ದು 55. ಇದು ಅಮೆರಿಕದ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞನು 1967ರಲ್ಲಿ ಪ್ರಕಟಿಸಿದ ಎರಡು ಪರೀಕ್ಷೆಗಳಿಂದ ಬಂದದ್ದು. ಆದರೆ ಆ ಪರೀಕ್ಷೆಗಳಲ್ಲಿ ಬಳಸಿದುದು ಭಾಷಣವನ್ನಲ್ಲ, ಬಿಡಿಬಿಡಿಯಾದ ಪದಗಳನ್ನು. ಒಂದರಲ್ಲಂತೂ ‘ಇರಬಹುದು’ ಎಂಬ ಅರ್ಥದ ಒಂದೇ ಪದವನ್ನು ಬೇರೆ ಬೇರೆ ದನಿಗಳಲ್ಲಿ ನುಡಿಸಿ, ಜೊತೆಗೆ ಮುಖದ ಚಿತ್ರಗಳನ್ನು ತೋರಿಸಿ, ನುಡಿದವನಿಗೆ ಒಲವಿದೆಯೋ ಇಲ್ಲವೋ ಎಂದು ಕೇಳಲಾಗಿತ್ತು. ಒಲವು, ಒಲ್ಲದಿಕೆಗಳ ವಿಷಯಕ್ಕೆ ಮಾತ್ರ ಈ ಲೆಕ್ಕ ಸಲ್ಲುವುದೆಂದು ಮೆಹ್ರಾಬಿಯನ್ನನೇ ಹೇಳಿದ್ದಾನೆ. ನೂರಕ್ಕೆ ಏಳೇ ಪಾಲಾದರೆ ಹೌರಾದಿಂದ ಹೊರಡುವ ರೈಲಿನ ವೇಳೆಯನ್ನು ಮುಖಭಾವದಿಂದ ತಿಳಿಸಿಬಿಡಬಹುದಿತ್ತು! ಸಂಗತಿಗೆ ಮಾತೇ ಬೇಕು. ಮಾತೂ ದನಿಯೂ ಬೇರೆ ಬೇರೆ ದಾರಿ ಹಿಡಿದಾಗ, ಮನಸ್ಸನ್ನು ತಿಳಿಯಲು ದನಿಯತ್ತ ತಿರುಗಬೇಕು. ಇಷ್ಟೇ ಅದರ ಸಾರ.

ನಗುವಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. “ಮುಖ ನೋಡಿ ಮಣೆ ಹಾಕು” ಎಂದು ಗಾದೆ. ನಮ್ಮ ಕಸುಬಿನಲ್ಲಿ ಗಿರಾಕಿಗೆ ಮಣೆ ಹಾಕುವವನ ಮುಖದ ಮೇಲೆಯೂ ಸದಾ ನಗುವಿರಬೇಕು. ಫ್ರಾನ್ಸಿನ ಡುಶೆನ್ ಎಂಬ ವೈದ್ಯನು 1862ರಷ್ಟು ಹಿಂದೆಯೇ ಬರೆದನು: ತುಟಿಯ ನಗುವನ್ನು ಇಚ್ಛೆ ಬಂದಂತೆ ತರಬಹುದು, ಕಣ್ಣಿನ ಸುತ್ತಣ ಸ್ನಾಯುವನ್ನು ನಗಿಸುವುದು ನಿಜವಾದ ಸಂತೋಷವೇ. ಹನ್ನೆರಡು ಗಂಟೆ ನಿಂತು ದುಡಿದ ಹುಡುಗನ ತುಟಿ ರಾತ್ರಿ ಹತ್ತಕ್ಕೂ ನಗುತ್ತಿರಬಹುದು. ಧಣಿಯಾದವನು ಕಣ್ಣನ್ನು ನೋಡಬೇಕು.

ಫೋನಿನ ಆ ತುದಿ

ಇನ್ನು, ಊರಿನೊಡನೆ ನಮ್ಮ ಸಂಬಂಧದ ಮಾತು. ಹಿಂದೆ ಕಾಗದ ಬರೆಯುತ್ತಿದ್ದರು. “ಇಲ್ಲಿ ಎಲ್ಲರೂ ಕ್ಷೇಮ” ಎಂಬ ಒಕ್ಕಣೆಯ ಹಿಂದೆ ಏನಿದೆಯೆಂದು ಓದುವವರಿಗೆ ತಿಳಿಯುತ್ತಿರಲಿಲ್ಲ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಫೋನಿದೆ. ಆದರೆ ನಮ್ಮ ಹುಡುಗರು ಅದರಲ್ಲಿ ಮಾತನಾಡುವುದು ಕಡಮೆ, ಸಂದೇಶ ಒತ್ತುವುದು ಹೆಚ್ಚು. “ಊಟ ಆಯ್ತು”, “ಹಣ ಕಳಿಸಿದೆ”, ಮೇಲೊಂದು ನಗುವ ಹಳದಿ ಮುಖ. ಆ ಹಳದಿ ಮುಖಕ್ಕೆ ಜ್ವರ ಬರುವುದಿಲ್ಲ, ಅದರ ದನಿ ಒಡೆಯುವುದಿಲ್ಲ. ಹೊಸ ಫೋನಿನಲ್ಲಿ ಹಳೆಯ ಒಕ್ಕಣೆಯೇ ಮರಳಿ ಬಂದಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್‌ಸರ್ ಎಂಬ ವಿದುಷಿಯೂ ಅವರ ಜೊತೆಗಾರರೂ ಇದನ್ನು ಪರೀಕ್ಷಿಸಿದರು. ಚಿಕ್ಕ ಹುಡುಗಿಯರಿಂದ ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಕೇಳಿ, ಅವರನ್ನು ಕಳವಳಕ್ಕೀಡುಮಾಡಿದರು. ಬಳಿಕ ತಾಯಿಯ ಅಪ್ಪುಗೆ ಪಡೆದವರಲ್ಲಿಯೂ, ಫೋನಿನಲ್ಲಿ ತಾಯಿಯ ದನಿಯನ್ನಷ್ಟೇ ಕೇಳಿದವರಲ್ಲಿಯೂ ಕಳವಳದ ರಸವಾದ ಕಾರ್ಟಿಸಾಲ್ ಬಹುಮಟ್ಟಿಗೆ ಒಂದೇ ಬಗೆಯಾಗಿ ಇಳಿಯಿತು. ಇದು ಪ್ರಕಟವಾದುದು 2010ರಲ್ಲಿ. 2012ರಲ್ಲಿ ಪ್ರಕಟವಾದ ಮುಂದಿನ ಪರೀಕ್ಷೆಯಲ್ಲಿ, ತಾಯಿಯೊಡನೆ ಬರೆಹದ ಸಂದೇಶ ಮಾತ್ರ ವಿನಿಮಯ ಮಾಡಿಕೊಂಡ ಹುಡುಗಿಯರ ಸ್ಥಿತಿಯು ತಾಯಿಯ ಸಂಪರ್ಕವೇ ಇಲ್ಲದವರಂತೆ ಉಳಿಯಿತು. ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕ್ರಾಸ್ 2017ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿಯಂತೂ, ಮುಖವನ್ನೂ ನೋಡಿ ದನಿಯನ್ನೂ ಕೇಳಿದವರಿಗಿಂತ ದನಿಯನ್ನು ಮಾತ್ರ ಕೇಳಿದವರೇ ಮತ್ತೊಬ್ಬರ ಭಾವವನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಆಶ್ಚರ್ಯವಲ್ಲ.

ನಾವು ಮಾಡಬೇಕಾದುದು

ಉಪದೇಶ ಮಾಡಲು ನನಗೆ ಅಧಿಕಾರವಿಲ್ಲ. ತಪ್ಪಿದವನಾದುದರಿಂದ ಮೂರು ಮಾತು ಹೇಳುತ್ತೇನೆ.

ಹೋಟೆಲು ನಡೆಸುವ ಮಿತ್ರರಿಗೆ: ಹುಡುಗನು “ಹುಷಾರುಂಟು” ಎಂದರೆ ಅದು ಉತ್ತರವೆಂದು ತಿಳಿಯಬೇಡಿರಿ. ಕೆಲಸ ಹೋದೀತೆಂಬ ಭಯವಿರುವಲ್ಲಿ ನಾಲಿಗೆ ಬೇರೇನನ್ನೂ ಹೇಳಲಾರದು. ಆ ಭಯವನ್ನು ತೆಗೆಯುವುದು ನಿಮ್ಮ ಕೈಯಲ್ಲಿದೆ. ಅದನ್ನು ತೆಗೆಯುವವರೆಗೆ ದನಿಯನ್ನು ಆಲಿಸುವುದು ನಿಮ್ಮ ಹೊಣೆ.

ಕಿಟಕಿಯ ಹಿಂದೆ ಕುಳಿತ ಗುಮಾಸ್ತ ಬಂಧುಗಳಿಗೆ: ರಿಜಿಸ್ಟರಿನಿಂದ ಕಣ್ಣೆತ್ತದೆ ಆಡಿದ “ನಾಳೆ ಬನ್ನಿ” ಎಂಬುದೂ, ಮುಖ ನೋಡಿ ಆಡಿದ “ನಾಳೆ ಬನ್ನಿ” ಎಂಬುದೂ ಒಂದೇ ಅಲ್ಲ. ಎರಡನೆಯದಕ್ಕೆ ಖರ್ಚೇನೂ ಹೆಚ್ಚಿಲ್ಲ.

ಸಪ್ಲೈ ಮಾಡುವ, ಲೋಟ ತೊಳೆಯುವ, ಒಲೆಯ ಮುಂದೆ ನಿಲ್ಲುವ ತಮ್ಮಂದಿರಿಗೆ: ವಾರಕ್ಕೊಮ್ಮೆಯಾದರೂ ಸಂದೇಶವನ್ನು ಬಿಟ್ಟು ಮನೆಗೆ ಮಾತನಾಡಿರಿ. ನೀವು ಹೇಳದುದನ್ನೂ ತಾಯಿ ಕೇಳಿಸಿಕೊಳ್ಳುವಳೆಂದು ಹಿಂಜರಿಯಬೇಡಿರಿ. ನಿಮ್ಮ ದನಿಯನ್ನು ಬಾಯಿಪಾಠ ಮಾಡಿಕೊಂಡವರು ಈ ಊರಿನಲ್ಲಿ ಹೆಚ್ಚು ಮಂದಿಯಿಲ್ಲ. ಇಲ್ಲಿಯೂ ಪಕ್ಕದ ಚಾಪೆಯಲ್ಲಿ ಮಲಗುವವನ ಸ್ವರವನ್ನು ಸ್ವಲ್ಪ ಗುರುತಿಟ್ಟುಕೊಳ್ಳಿರಿ; ನಿಮ್ಮದನ್ನು ಅವನು ಗುರುತಿಟ್ಟುಕೊಂಡಾನು.

ಆ ಹುಡುಗನು ಒಂದು ತಿಂಗಳು ಊರಿನಲ್ಲಿದ್ದು ಮರಳಿ ಬಂದನು. ಸಂಬಳ ಹಿಡಿಯಲಿಲ್ಲ, ಅದು ನನ್ನ ದೊಡ್ಡತನವಲ್ಲ, ನನ್ನ ಸಾಲ. ಬಂದ ಮರುದಿನ ಬೆಳಗ್ಗೆ ನಾನು ನೋಟು ಎಣಿಸುತ್ತಿದ್ದಾಗ “ಎರಡು ಸಾದಾ, ಒಂದು ಮಸಾಲೆ!” ಎಂಬ ಕೂಗು ಬೀದಿಯವರೆಗೂ ಕೇಳಿಸಿತು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆನು.